ಬಿಟ್ಟರೂ ಆರದ ಬ್ರೇಕ್ ದೀಪ

ಬ್ರೇಕ್ ದೀಪ ಕೆಟ್ಟಿದೆ ಎಂದರೆ ಕೇಳಿದವರೆಲ್ಲ ಅದು ಹತ್ತುತ್ತಿಲ್ಲ ಎಂದೇ ತಿಳಿಯುತ್ತಾರೆ. ನನ್ನ ಕರೆಂಟ್ ಗಾಡಿಯದು ಉಲ್ಟಾ ರೋಗ. ಹತ್ತಿದರೆ ಆರುತ್ತಿರಲಿಲ್ಲ. ನಾನು ಬ್ರೇಕ್ ಮುಟ್ಟದೆ ಹೋಗುತ್ತಿದ್ದರೂ ಹಿಂದೆ ಕೆಂಪಗೆ ಉರಿಯುತ್ತಿತ್ತು. ಅಷ್ಟೇ ಆಗಿದ್ದರೆ ಉರಿದುಕೊಳ್ಳಲಿ ಎಂದು ಬಿಡಬಹುದಿತ್ತು. ಆದರೆ ಆ ಗಾಡಿಗಳಲ್ಲಿ ಬ್ರೇಕ್ ಹಿಡಿದ ತಕ್ಷಣ ಮೋಟರಿಗೆ ಕರೆಂಟ್ ನಿಲ್ಲುವ ಹಾಗೆ ಮಾಡಿರುತ್ತಾರೆ. ಹಿಂದಿನ ದೀಪಕ್ಕೂ ಮೋಟರಿಗೂ ಸುದ್ದಿ ಮುಟ್ಟಿಸುವುದು ಬ್ರೇಕ್ ಲಿವರಿನಲ್ಲಿರುವ ಅದೇ ಸ್ವಿಚ್ಚು. ಹಾಗಾಗಿ ದೀಪ ಹತ್ತಿಕೊಂಡಿತೆಂದರೆ ಗಾಡಿಯೂ ನಡುರಸ್ತೆಯಲ್ಲಿ ಸೊರಗಿ ನಿಲ್ಲುತ್ತಿತ್ತು, ಎಷ್ಟೋ ಹೊತ್ತಿಗೆ ದೀಪ ತಾನಾಗಿ ಆರಿದ ಮೇಲೆಯೇ ಮತ್ತೆ ಹೊರಡುತ್ತಿತ್ತು. ಹಿಂದೆ ರೇಷ್ಮೆಗೂಡಿನ ಚೀಲ ಹೇರಿಕೊಂಡು ಬರುತ್ತಿದ್ದವರು ಹಾರನ್ ಬಜಾಯಿಸಿ, ಪಕ್ಕಕ್ಕೆ ಬಂದು, "ಏನಮ್ಮಾ, ಬ್ರೇಕ್ ಹಿಡ್ಕೊಂಡೇ ಊರು ಸೇರ್ತೀರಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ. ಮನೆ ಶಿಡ್ಲಘಟ್ಟದಲ್ಲಿ, ನಾನು ಪಾಠ ಹೇಳುತ್ತಿದ್ದ ಶಾಲೆ ಜಂಗಮಕೋಟೆ ದಾರಿಯ ಒಂದು ಹಳ್ಳಿಯಲ್ಲಿ. ನಲವತ್ತು ದಾಟಿದ್ದರೂ ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಲೈಸೆನ್ಸಿಗಾಗಿ ಒಮ್ಮೆ ಎಂಟು ಹಾಕಲು ಹೋಗಿ, ಮೊದಲ ಸೊನ್ನೆ ಮುಗಿಯುವ ಮುಂಚೆಯೇ ಎರಡೂ ಕಾಲು ಕೆಳಗಿಟ್ಟು, ಅಲ್ಲಿದ್ದವರಿಗೆ ನಮಸ್ಕಾರ ಹೇಳಿ ವಾಪಸು ಬಂದವಳು ನಾನು. ಲೈಸೆನ್ಸ್ ಬೇಡ, ಗೇರ್ ಇಲ್ಲ, ಎಷ್ಟು ತಿರುವಿದರೂ ಸೈಕಲ್ಲಿಗಿಂತ ಒಂದು ಕೈ ಮಿಗಿಲು ಅಷ್ಟೇ ಎನ್ನುವಂಥ ಗಾಡಿ ಬಂದಿದೆ ಎಂದು ತಿಳಿದಾಗ, ಯಾರೋ ಪುಣ್ಯಾತ್ಮರು ನನ್ನನ್ನು ನೋಡಿಯೇ ಇದನ್ನು ಮಾಡಿದ್ದಾರೆ ಅನಿಸಿತು. ಚಿಕ್ಕಬಳ್ಳಾಪುರದ ಒಂದು ಅಂಗಡಿಯಿಂದ ನನ್ನ ಸಂಬಳದಲ್ಲೇ ತಂದೆ.

ಅದು ಬರುವ ತನಕ ನನ್ನ ದಿನ ಬೇರೆಯವರ ಕೈಯಲ್ಲಿತ್ತು. ಬೆಳಿಗ್ಗೆ ಬಸ್ಸಿನವರ ಕೈಯಲ್ಲಿ, ಸಂಜೆ ಬಸ್ಸು ತಪ್ಪಿದರೆ ಹಾಲಿನ ವ್ಯಾನಿನವರ ಕೈಯಲ್ಲಿ, ಅದೂ ತಪ್ಪಿದರೆ ಇವರ ಕೈಯಲ್ಲಿ. ಇವರೆಂದರೆ ನನ್ನ ಗಂಡ. ಕಚೇರಿಯಿಂದ ಬೈಕಿನಲ್ಲಿ ಬಂದು ಕರೆದೊಯ್ಯುತ್ತಿದ್ದರು, ಇಲ್ಲವೆನ್ನುವುದಿಲ್ಲ. ಬಂದದ್ದನ್ನು ವಾರವಿಡೀ ನೆನಪಿಸುತ್ತಿದ್ದರು ಅಷ್ಟೇ. ಗಾಡಿ ಬಂದ ಮೇಲೆ ದಾರಿಯಲ್ಲಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುವುದನ್ನು ಕಲಿತೆ. ಒಂದು ಹೊಂಗೆ ಮರದ ಕೆಳಗೆ ಕೂತು, ಯಾರಿಗೂ ಪಾಲು ಕೊಡದೆ ಕಡಲೆಕಾಯಿ ತಿಂದು ಬರುತ್ತಿದ್ದೆ. ಇದನ್ನು ಸುಖ ಎಂದು ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆಯೇ.

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ದೀಪದ ಕಾಟ ಶುರುವಾಯಿತು. ಗಾಡಿ ಮಾರಿದ ಅಂಗಡಿಗೆ ಹೋದರೆ ಅಲ್ಲಿ ಗಾಡಿಗಳೂ ಇಲ್ಲ, ಅವರೂ ಇಲ್ಲ. ಪಾತ್ರೆ ಅಂಗಡಿ ಬಂದಿತ್ತು. ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರದ ಮೆಕ್ಯಾನಿಕ್ ಬಳಿ ತಳ್ಳಿಕೊಂಡು ಹೋದೆ. ಅವರು ಬಗ್ಗಿ ನೋಡಿದರು, ಎದ್ದು ನಕ್ಕರು.

"ಅಮ್ಮಾ, ದೀನಿಕಿ ಇಂಜನೇ ಲೇದು ಕದಮ್ಮಾ. ಇಂಜಿನ್ನೇ ಇಲ್ದಿದ್ದಕ್ಕೆ ನಾನು ಏನಂತ ಬಿಚ್ಚಲಿ?"

"ದೀಪ ಇದೆಯಲ್ಲಪ್ಪ. ಅದನ್ನ ನೋಡು."

ಬಲ್ಬ್ ತೆಗೆದು ಹಾಕಿದರು. ಉರಿಯಿತು. ಒಂದು ಸುತ್ತು ಓಡಿಸಿಕೊಂಡು ಬಂದರು. ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ಮಗುವಿನ ಹಾಗೆ ಹೇಳಿದ ಮಾತು ಕೇಳಿತು. "ಏನೂ ಆಗಿಲ್ಲ ಕಣಮ್ಮ. ನೀವು ಭಯಕ್ಕೆ ಬ್ರೇಕ್ ಮೇಲೆ ಬೆರಳು ಇಟ್ಕೊಂಡೇ ಓಡಿಸ್ತೀರ, ಅದಕ್ಕೇ ದೀಪ ಹತ್ತತ್ತೆ. ಹೆಂಗಸರ ಗಾಡಿಗಳೆಲ್ಲ ಹಿಂಗೇ ಬರ್ತವೆ."

ಈ ಮಾತನ್ನು ಮನೆಯಲ್ಲಿ ಹೇಳಬಾರದಿತ್ತು, ಹೇಳಿದೆ. ಇವರಿಗೆ ಅಷ್ಟೇ ಸಾಕಾಯಿತು.

"ನಾನು ಹೇಳಲಿಲ್ವ? ಗಾಡಿ ಸರಿಯಾಗೇ ಇದೆ. ರೋಗ ಇರೋದು ನಿನ್ನ ಕೈಲಿ ಕಣೇ."

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೀಗ ಹಾಕಿ ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಜಗ್ಗುವವಳು ನಾನು. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನಸ್ಸು ಮನೆಗೆ ಹೋಗಿ ಬರುತ್ತದೆ. ಇವರು ಬರುವುದು ಸ್ವಲ್ಪ ತಡವಾದರೆ ಇವರಿಲ್ಲದ ಮನೆಯನ್ನು ಹೇಗೆ ನಡೆಸುವುದು ಎಂಬ ಲೆಕ್ಕ ಅರ್ಧ ಮುಗಿದಿರುತ್ತದೆ. ಇಂಥವಳ ಭಯವೇ ಬ್ರೇಕ್ ದೀಪ ಹತ್ತಿಸುತ್ತಿದೆ ಎಂದರೆ ಯಾರು ನಂಬುವುದಿಲ್ಲ? ನಾನೇ ನಂಬಿದೆ. ಕೆಲವು ದಿನ ನನ್ನ ಬೆರಳುಗಳನ್ನು ಪೊಲೀಸರ ಹಾಗೆ ಕಾದೆ.

ಕಾದಿದ್ದೇ ಒಳ್ಳೆಯದಾಯಿತು. ಲಿವರಿನ ಹತ್ತಿರ ಒಂದು ಬೆರಳೂ ಸುಳಿಯದಿದ್ದಾಗ ಗಾಡಿ ಸೊರಗಿತು. ಮರುದಿನವೂ ಸೊರಗಿತು. ಆಗ ಒಂದು ವಿಷಯ ಹೊಳೆದು ಮೈಯಲ್ಲಿ ಸಿಟ್ಟು ಏರಿತು. ತಲೆಯಲ್ಲಿ ಸದಾ ಭಯ ಇಟ್ಟುಕೊಂಡಿರುವವಳಿಗೆ ಬೇರೇನು ಗೊತ್ತಿಲ್ಲದಿದ್ದರೂ ತನ್ನ ಕೈ ಎಲ್ಲಿದೆ ಎಂದು ಗೊತ್ತಿರುತ್ತದೆ. ಧೈರ್ಯಸ್ಥರಿಗೆ ಬೇಕಾದರೆ ಗೊತ್ತಿರಲಿಕ್ಕಿಲ್ಲ. ನನ್ನ ಭಯಕ್ಕೆ ನೂರು ಕೆಲಸಗಳಿವೆ, ಎಲ್ಲಕ್ಕೂ ನಾನು ಜವಾಬ್ದಾರಳು. ಈ ದೀಪದ ಕೇಸು ಮಾತ್ರ ನನ್ನದಲ್ಲ.

ಅಷ್ಟರಲ್ಲಿ ಇವರು ಚಿಂತಾಮಣಿಯಲ್ಲಿರುವ ತಮ್ಮ ತಂಗಿಯ ಗಂಡನಿಗೆ ಫೋನ್ ಮಾಡಿಬಿಟ್ಟಿದ್ದರು. ಅವರಿಗೆ ಅಲ್ಲಿ ಬಟ್ಟೆ ಅಂಗಡಿ. ಮನೆಯಿಂದ ಅಂಗಡಿಗೆ ಓಡಾಡಲು ಇಂಥದೊಂದು ಗಾಡಿ ಬೇಕು ಎನ್ನುತ್ತಿದ್ದರಂತೆ. "ಭಾನುವಾರ ಬಂದು ತಗೊಂಡು ಹೋಗ್ತಾನೆ. ಪಾಪ, ಅವನಾದ್ರೂ ಓಡಿಸ್ಲಿ. ನೀನು ಮೊದಲಿನ ಥರ ಬಸ್ಸಲ್ಲಿ ಹೋಗು, ಸಂಜೆ ನಾನಿದ್ದೀನಲ್ಲ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದಕ್ಕೆ ಎದುರು ಹೇಳುವುದು ಎಷ್ಟು ಕಷ್ಟ ಎಂದು ಮದುವೆಯಾದವರಿಗೆ ಗೊತ್ತು.

ಶನಿವಾರ ಬೆಳಗಿನ ಶಾಲೆ. ಹೊರಡುವ ಮುಂಚೆ ಇವರನ್ನು ಕರೆದೆ. "ರೀ, ಬೈಕ್ ತಗೊಂಡು ನನ್ನ ಹಿಂದೆ ಬನ್ನಿ. ನಾನು ಎಡಗೈ ಮೇಲೆತ್ತಿ ಓಡಿಸ್ತೀನಿ. ದೀಪ ಹತ್ತಿದ್ರೆ ಹಾರನ್ ಹೊಡೀರಿ."

"ಹುಚ್ಚು ಹಿಡಿದಿದೆಯೇನೇ? ಊರವರು ನೋಡ್ತಾರೆ."

"ನೋಡ್ಲಿ. ಸಾಕ್ಷಿ ಜಾಸ್ತಿ ಆಯ್ತು."

ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಎಡಗೈಯನ್ನು ಪ್ರಮಾಣ ಮಾಡುವವಳ ಹಾಗೆ ಎತ್ತಿ ಹಿಡಿದು, ಒಂದೇ ಕೈಯಲ್ಲಿ, ಜೀವ ಬಾಯಿಗೆ ಬಂದಿದ್ದರೂ ಹೊರಟೆ. ಸೊಪ್ಪು ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ನಾನು ಕೈ ಬೀಸುತ್ತಿದ್ದೇನೆಂದು ತಿಳಿದು ತಾನೂ ಕೈ ಎತ್ತಿದಳು. ಸ್ವಲ್ಪ ದೂರದಲ್ಲಿ ಗಾಡಿ ಸೊರಗಿತು, ಹಿಂದಿನಿಂದ ಹಾರನ್ ಬಂತು. ಕಾಲು ಕೆಳಗಿಟ್ಟೆ. ಕೈ ಮಾತ್ರ ಇಳಿಸಲಿಲ್ಲ. ಇವರು ಪಕ್ಕಕ್ಕೆ ಬಂದು ನನ್ನ ಕೈಯನ್ನೂ ದೀಪವನ್ನೂ ಎರಡೆರಡು ಸಲ ನೋಡಿದರು.

"ಬಲಗೈ?" ಎಂದರು.

"ಬಲಗೈಲಿ ಎಕ್ಸಲರೇಟರ್ ತಿರುವ್ತಿದ್ದೆ. ಅದನ್ನೂ ಎತ್ತಿದ್ರೆ ನೀವು ಬೈಕಲ್ಲಿ ಬರೋ ಅಗತ್ಯ ಇರ್ತಿರ್ಲಿಲ್ಲ, ಆಂಬುಲೆನ್ಸಲ್ಲಿ ಬರಬೇಕಿತ್ತು."

ಇವರು ಬೈಕ್ ತಿರುಗಿಸಿಕೊಂಡರು. ಗಾಡಿ ಕೊಡುವುದು ಬೇಡ ಎಂದು ಮಾತ್ರ ಹೇಳಲಿಲ್ಲ. ನನ್ನ ಕೈಯ ತಪ್ಪಲ್ಲ ಎಂದರೆ ಈಗ ಗಾಡಿಯ ತಪ್ಪಾಯಿತು; ಕೆಟ್ಟ ಗಾಡಿಯನ್ನು ಮನೆಯಲ್ಲಿ ಏಕೆ ಇಟ್ಟುಕೊಳ್ಳಬೇಕು? ಎರಡು ದಾರಿಯೂ ಚಿಂತಾಮಣಿಗೇ ಹೋಗುತ್ತಿದ್ದವು. ದೀಪ ಸರಿ ಮಾಡದೆ ಬೇರೆ ದಾರಿ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗಾಡಿಯ ಹಿಂಭಾಗವನ್ನು ಹಿತ್ತಲಿನ ಸುಣ್ಣದ ಗೋಡೆಗೆ ಮಾಡಿ ನಿಲ್ಲಿಸಿದೆ. ಮುಂದೆ ಕೂತಿದ್ದರೂ ಗೋಡೆ ಕೆಂಪಾದರೆ ದೀಪ ಹತ್ತಿದೆ ಎಂದು ಕಾಣಬೇಕು. ಚಾವಿ ತಿರುವಿದೆ. ಮಂಜಿನ ಬೆಳಗು, ಗೋಡೆ ಕೆಂಪಾಯಿತು. ನಾನು ಏನನ್ನೂ ಮುಟ್ಟಿರಲಿಲ್ಲ. ಅಂದರೆ ಯಾರೋ ಬ್ರೇಕ್ ಹಿಡಿದಿದ್ದಾರೆ ಎಂದು ಗಾಡಿ ತಿಳಿದಿದೆ. ಎರಡು ಲಿವರಿಗೆ ಎರಡು ಸ್ವಿಚ್ಚು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ತರಗತಿಯಲ್ಲಿ ಇಂಥದ್ದನ್ನು ದಿನವೂ ವಿಚಾರಿಸುತ್ತೇನೆ: ಒಬ್ಬರನ್ನು ಹೊರಗೆ ಕಳಿಸಿ ಇನ್ನೊಬ್ಬರನ್ನು ಕೇಳಬೇಕು.

ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್ ತಂದು ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆ. ಅದಕ್ಕೂ ಮೊದಲು ಚಾವಿ ತೆಗೆದು, ಜೇಬಿಲ್ಲದ್ದರಿಂದ ಸೆರಗಿಗೆ ಕಟ್ಟಿಕೊಂಡೆ. ಒಳಗೆ ಶ್ಯಾವಿಗೆಯ ಹಾಗೆ ವೈರುಗಳು. ಬಲಗಡೆ ಲಿವರಿನಿಂದ ಬಂದ ಎರಡು ವೈರುಗಳ ಜೋಡಣೆಯನ್ನು ಎಳೆದು ಬಿಡಿಸಿದೆ, ಚಾವಿ ಹಾಕಿ ತಿರುವಿದೆ. ಗೋಡೆ ಕೆಂಪು. ಅದನ್ನು ಮತ್ತೆ ಸೇರಿಸಿ, ಎಡಗಡೆಯದನ್ನು ಬಿಡಿಸಿದೆ. ಗೋಡೆ ಬೆಳ್ಳಗಾಯಿತು. ನಂಬಿಕೆ ಬರದೆ ಮತ್ತೆ ಸೇರಿಸಿದೆ, ಕೆಂಪು. ಬಿಡಿಸಿದೆ, ಬಿಳಿ. ಬೀಗ ಜಗ್ಗುವ ನನ್ನ ಚಾಳಿ ಜೀವಮಾನದಲ್ಲಿ ಒಮ್ಮೆ ಕೆಲಸಕ್ಕೆ ಬಂತು.

ಹೊತ್ತಿಗೆ ಸರಿಯಾಗಿ ಚಿಂತಾಮಣಿಯಿಂದ ನಮ್ಮ ನಾದಿನಿಯ ಗಂಡ ಬಂದರು; ನಾನು ಅವರನ್ನು ಅಣ್ಣ ಎನ್ನುತ್ತೇನೆ. ಕೈಯಲ್ಲಿ ಹೊಸ ಹೆಲ್ಮೆಟ್ಟು. ಇವರ ಜೊತೆ ಹಿತ್ತಲಿಗೆ ಬಂದು, ಮುಖ ಕಳಚಿಕೊಂಡು ನಿಂತ ಗಾಡಿಯನ್ನು ನೋಡಿ, "ಏನಕ್ಕ, ನಾನು ಬರೋ ಅಷ್ಟರಲ್ಲಿ ಪಾರ್ಟ್ ಪಾರ್ಟ್ ಮಾಡಿ ಪ್ಯಾಕ್ ಮಾಡ್ತಿದ್ದೀರಾ?" ಎಂದರು.

"ಕೂತ್ಕೊಳ್ಳಿ ಅಣ್ಣ. ಕಾಫಿ ಇವರು ಮಾಡ್ತಾರೆ," ಎಂದೆ. ಇವರು ಒಳಗೆ ಹೋಗಲಿಲ್ಲ, ಅಲ್ಲೇ ನಿಂತರು.

ಎಡ ಲಿವರ್ ಬಿಚ್ಚಿದೆ. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗುಂಡಿ. ಲಿವರ್ ಬಿಟ್ಟಾಗ ಅದು ಹೊರಗೆ ಚಿಮ್ಮಬೇಕು. ಅದು ಒಳಗೇ ಕೂತಿತ್ತು. ಸುತ್ತ ಏನೋ ಕಟ್ಟಿಕೊಂಡಿತ್ತು, ಕೆಂಪು ಕಂದು ಬಣ್ಣದ್ದು. ತುಕ್ಕು ಎಂದುಕೊಂಡು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೆರೆದೆ. ಪುಡಿಯಾಗಿ ಉದುರಿತು. ಮೂಸಿ ನೋಡಿದೆ. ಗಂಧ.

ಗಂಧ, ಕುಂಕುಮ, ಮಧ್ಯೆ ಒಂದಿಷ್ಟು ವಿಭೂತಿ. ಆಯುಧಪೂಜೆಯ ದಿನ ಗಾಡಿ ತೊಳೆದು, ಒದ್ದೆ ಇದ್ದಾಗಲೇ ಮೂರು ಬೆರಳಲ್ಲಿ ಎಳೆದಿದ್ದರಲ್ಲ, ಅದು ಲಿವರಿನ ಸಂದಿಗೆ ಇಳಿದು ಗಟ್ಟಿಯಾಗಿ ಕೂತಿತ್ತು. ಬೆಳಗಿನ ತೇವಕ್ಕೆ ಅಂಟಾಗಿ, ದಾರಿಯ ಕುಲುಕಿಗೇ ಗುಂಡಿಯನ್ನು ಒಳಗೆ ಹಿಡಿದುಕೊಳ್ಳುವುದು, ಮಧ್ಯಾಹ್ನದ ಬಿಸಿಲಿಗೆ ಒಣಗಿ ಬಿಟ್ಟುಕೊಡುವುದು. ಮೆಕ್ಯಾನಿಕ್ ಕೈಯಲ್ಲಿ ಗಾಡಿ ಸಭ್ಯವಾಗಿ ನಡೆದುಕೊಂಡದ್ದು ಅದಕ್ಕೇ. ಇವರ ಬೈಕಿಗೂ ಅಷ್ಟೇ ಬಳಿದಿದ್ದರು, ಅದಕ್ಕೇನೂ ಆಗಿರಲಿಲ್ಲ. ಹಳೇ ಕಬ್ಬಿಣ, ಎಷ್ಟು ಹಬ್ಬ ಕಂಡಿದೆಯೋ.

ಪಿನ್ನಿನ ತುದಿಯನ್ನು ಇವರ ಮೂಗಿನ ಹತ್ತಿರ ಹಿಡಿದೆ. ಮೂಸಿದರು. ಪೂಜೆ ಮಾಡಿದ್ದು ಇವರೇ. ಆಮೇಲೆ ಮುಖದಲ್ಲಿ ಒಂದು ಬೆಳಕು ಬಂತು.

"ಬ್ರೇಕಿಗೆ ಜಾಸ್ತಿ ಹಚ್ಚಿ, ಅದೇ ಮುಖ್ಯ, ಅಂತ ಪಕ್ಕದಲ್ಲಿ ನಿಂತು ಹೇಳಿದ್ದು ಯಾರು?"

ನಾನೇ. ಹೆಡ್‌ಲೈಟಿಗೆ ಅಷ್ಟು, ಬ್ರೇಕಿಗೆ ಇಷ್ಟೇನಾ ಎಂದು ಎರಡನೇ ಸಲ ಹಚ್ಚಿಸಿದ್ದೆ. ನನ್ನ ಭಯ ಕೊನೆಗೂ ಸ್ವಿಚ್ಚಿನ ಒಳಗೇ ಸಿಕ್ಕಿತ್ತು. ಇನ್ನೊಂದು ದಿನವಾಗಿದ್ದರೆ ಅಲ್ಲಿಗೇ ಸೋತು ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದೆ.

"ಹೇಳಿದ್ದು ನಾನೇ. ಹಚ್ಚಿದ ಕೈ ಯಾರ್ದು?" ಎಂದೆ. "ಇಷ್ಟು ದಿನ ನೀವು ಕೇಳ್ತಿದ್ದಿದ್ದು ಕೈ ವಿಚಾರ ತಾನೆ?"

ಅಣ್ಣ ಜೋರಾಗಿ ನಕ್ಕರು. "ಬಾವ, ಸಿಕ್ಕಾಕೊಂಡ್ರಿ."

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯನ್ನೆಲ್ಲ ತಿಕ್ಕಿದೆ. ಎರಡು ಹನಿ ಕೊಬ್ಬರಿ ಎಣ್ಣೆ ಬಿಡು, ಮೆತ್ತಗಾಗುತ್ತೆ ಎಂದು ಇವರು ಸಲಹೆ ಕೊಟ್ಟರು. ಇನ್ನು ಇದಕ್ಕೆ ಅಭಿಷೇಕ ಬೇಡ ಎಂದೆ. ಗುಂಡಿ ಟಕ್ ಎಂದು ಚಿಮ್ಮಿತು. ಎಲ್ಲ ಜೋಡಿಸಿ, ಚಾವಿ ತಿರುವಿ, ಇಬ್ಬರನ್ನೂ ಗೋಡೆಯ ಕಡೆ ನೋಡಲು ಹೇಳಿದೆ. ಲಿವರ್ ಹಿಡಿದೆ, ಕೆಂಪು. ಬಿಟ್ಟೆ, ಬಿಳಿ. ಹಿತ್ತಲಿನಲ್ಲೇ ಒಂದು ಸುತ್ತು ಬಂದೆ. ಮುಚ್ಚಳ ಹಾಕಿದ ಮೇಲೆ ಒಂದು ತಿರುಪು ಉಳಿದಿತ್ತು. ಅದನ್ನು ಯಾರಿಗೂ ಕಾಣದ ಹಾಗೆ ಸೆರಗಿನ ಗಂಟಿಗೆ ಸೇರಿಸಿಕೊಂಡೆ.

ಇವರು ಗಂಟಲು ಸರಿ ಮಾಡಿಕೊಂಡರು. "ಸರಿ ಹೋಯ್ತಲ್ಲ, ಒಳ್ಳೇದಾಯ್ತು. ಇವನಿಗೂ ತೊಂದರೆ ಕೊಡಲ್ಲ. ಮಾತು ಕೊಟ್ಟಾಗಿದೆ, ಪಾಪ ಹೆಲ್ಮೆಟ್ ಬೇರೆ ತಂದಿದ್ದಾನೆ."

ಹೆಲ್ಮೆಟ್ಟನ್ನು ನೋಡಿದಾಗ ನನಗೂ ಪಾಪ ಅನಿಸಿತು. ಪಾಪ ಅನಿಸಿದ ಕಡೆಯೆಲ್ಲ ನಾನು ಏನಾದರೂ ಕೊಟ್ಟೇ ಬಂದಿದ್ದೇನೆ. ಈ ಸಲ ಗಾಡಿಯಿಂದ ಇಳಿಯಲಿಲ್ಲ.

"ಮಾತು ಕೊಟ್ಟಿದ್ದು ನೀವು. ಅದು ನಿಮ್ದು, ಇಟ್ಕೊಳ್ಳಿ, ಬಿಡಿ. ಗಾಡಿ ನಂದು. ನಾನು ಕೊಡಲ್ಲ."

ಹಾಗೆ ಒಂದೇ ಉಸಿರಿಗೆ 'ಕೊಡಲ್ಲ' ಎಂದದ್ದು ನನ್ನ ಕಿವಿಗೇ ಹೊಸದಾಗಿತ್ತು. ಮುಂದೆ ಇವರು ಏನು ಹೇಳುತ್ತಾರೋ ಎಂದು ಕಾದೆ. ಇವರು ಅಣ್ಣನ ಮುಖ ನೋಡಿದರು. ಅವರು ಹೆಲ್ಮೆಟ್ಟನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಿಸಿ, "ಕಾಫಿನಾದ್ರೂ ಕೊಡ್ತೀರಾ ಅಕ್ಕ?" ಎಂದರು. ಇವರೇ ಒಳಗೆ ಹೋದರು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಒಳಗಿನಿಂದ ಕೇಳಿದರು. ನಾನು ಕೂತಲ್ಲಿಂದಲೇ ಹೇಳಿದೆ.

ಊಟವಾದ ಮೇಲೆ ಅಣ್ಣನನ್ನು ಬಸ್ ನಿಲ್ದಾಣಕ್ಕೆ ಬಿಡಲು ಇವರು ಬೈಕಿನ ಚಾವಿ ಹುಡುಕುತ್ತಿದ್ದರು. ಅಷ್ಟರಲ್ಲಿ ನಾನು ಗಾಡಿಯನ್ನು ಬಾಗಿಲಿಗೆ ತಂದಿದ್ದೆ. ಅವರು ತಮ್ಮ ಹೆಲ್ಮೆಟ್ಟನ್ನು ತಾವೇ ಹಾಕಿಕೊಂಡು ನನ್ನ ಹಿಂದೆ ಕೂತರು. ಇಬ್ಬರ ಭಾರಕ್ಕೆ ಗಾಡಿ ಎತ್ತಿನ ಬಂಡಿಯ ಹಾಗೆ ಹೊರಟಿತು. ಆದರೂ ಮಾರುಕಟ್ಟೆಯ ತಿರುವಿನಲ್ಲಿ ಅವರು, "ಮೆಲ್ಲಗೆ ಅಕ್ಕ, ಮೆಲ್ಲಗೆ," ಎಂದು ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡರು. ಎದುರಿಗೆ ಆಟೋ ಬಂತು. ಬ್ರೇಕ್ ಹಿಡಿದೆ, ಬಿಟ್ಟೆ, ಮುಂದೆ ಹೋದೆ.

ಚಿಂತಾಮಣಿ ಬಸ್ಸು ನಿಂತಿತ್ತು. ಇಳಿದು ಹೆಲ್ಮೆಟ್ ತೆಗೆಯುತ್ತ ಕೇಳಿದರು, "ಒಂದು ಮಾತು ಅಕ್ಕ. ಮತ್ತೆ ಕೆಟ್ಟರೆ ನನಗೇ ಕೊಡ್ತೀರಾ?"

"ಮತ್ತೆ ಕೆಟ್ಟರೆ ಮತ್ತೆ ಬಿಚ್ತೀನಿ ಅಣ್ಣ," ಎಂದೆ.