ಜಗಳೂರಿನ ಬಯಲಿನಲ್ಲಿ ತುಂಬಿದ ಲೋಟ

ಚನ್ನಗಿರಿಯಿಂದ ನಾವು ಹೊರಟಾಗ ಬೆಳಿಗ್ಗೆ ಆರು ಗಂಟೆ. ನಾವು ಎಂದರೆ ನಾನು, ನನ್ನ ಗಂಡ ಮಂಜಣ್ಣ, ಮತ್ತು ಪಿಕಪ್ ಗಾಡಿಯ ಹಿಂದೆ ಹುಲ್ಲಿನ ಮೇಲೆ ನಿಂತಿದ್ದ ನಮ್ಮ ಬಿಳಿ ಕುದುರೆ ಗೌರಿ. ಗಾಡಿ ಪಕ್ಕದ ಮನೆಯವರದು, ಡೀಸೆಲ್ ನಮ್ಮದು. ಮದುವೆ ಮೆರವಣಿಗೆಗಳಿಗೆ ಕುದುರೆ ಒದಗಿಸುವುದು ಗಂಡನ ಮನೆಯವರ ಕಸುಬು. ಸವಾರಿಯ ಹುಚ್ಚು ಮಾತ್ರ ನನ್ನದು. ಹಗಲೆಲ್ಲ ಹೊಲಿಗೆ ಮಷಿನ್ ತುಳಿಯುವ ಹೆಂಗಸು ಸಂಜೆಗೆ ಕುದುರೆ ಹತ್ತಿ ಹೋಗುವುದನ್ನು ಕಂಡು ಊರಿನವರು ಮೊದಮೊದಲು ನಗುತ್ತಿದ್ದರು. ಈಗ ದಾರಿ ಬಿಡುತ್ತಾರೆ.

ಜಗಳೂರಿನಲ್ಲಿ ಅಂದು ಕುದುರೆ ಪ್ರದರ್ಶನವಿತ್ತು. ನಾನು ಹೆಸರು ಕೊಟ್ಟಿದ್ದು ಲೋಟದ ನಡಿಗೆಗೆ. ಸವಾರರು ನೀರು ತುಂಬಿದ ಸ್ಟೀಲ್ ಲೋಟವನ್ನು ಒಂದು ಕೈಯಲ್ಲಿ ಹಿಡಿದು, ಕುದುರೆಯನ್ನು ಚುರುಕಾಗಿ ನಡೆಸುತ್ತಾ ಮೈದಾನ ಸುತ್ತಬೇಕು. ಕೊನೆಗೆ ಯಾರ ಲೋಟದಲ್ಲಿ ಹೆಚ್ಚು ನೀರು ಉಳಿದಿರುತ್ತದೋ ಅವರು ಗೆದ್ದಂತೆ. ಕಳೆದ ವರ್ಷ ಹೊನ್ನಾಳಿಯಲ್ಲಿ ಇದೇ ಸ್ಪರ್ಧೆಯಲ್ಲಿ ನಾನು ಐದನೆಯವಳಾಗಿದ್ದೆ. ಮೊದಲ ಬಹುಮಾನ ಅದೇ ಊರಿನ ರುದ್ರಪ್ಪನವರಿಗೆ ಹೋಗಿತ್ತು. ಅವರ ಲೋಟಕ್ಕೆ ಮೊದಲೇ ಏನೋ ಕೈಚಳಕ ಮಾಡಿದ್ದರು ಎಂದು ನಾನು ನಂಬಿದ್ದೆ. ಕಣ್ಣಾರೆ ಕಂಡಿರಲಿಲ್ಲ, ಆದರೂ ನಂಬಿದ್ದೆ.

ನಲ್ಲೂರು ದಾಟಿ ತ್ಯಾವಣಿಗೆಯಲ್ಲಿ ಚಹಾ ಕುಡಿಯುವಾಗ ಸಂಘಟಕರ ಫೋನ್ ಬಂತು. ರುದ್ರಪ್ಪನವರೂ ಹೆಸರು ಕೊಟ್ಟಿದ್ದಾರಂತೆ, ತೀರ್ಪುಗಾರರು ನ್ಯಾಮತಿಯ ನಿವೃತ್ತ ಪಶುವೈದ್ಯರಂತೆ. ನನಗೆ ಚಹಾ ರುಚಿಸಲಿಲ್ಲ.

“ನ್ಯಾಮತಿ ಅಂದ್ರೆ ಹೊನ್ನಾಳಿ ಮಗ್ಗಲು ಅಲ್ಲೇನ್ರೀ? ರುದ್ರಪ್ಪಗೆ ಅವ್ರು ಬೀಗರಾಗಿರ್ತಾರೆ, ನೋಡ್ತಿರಿ,” ಎಂದೆ.

“ನಾವು ಹೊಂಟಿದ್ದು ಕುದುರೆ ಆಡ್ಸಾಕೆ. ನೀನು ಪೊಲೀಸ್ ಕೆಲ್ಸಕ್ಕೆ ಹೊಂಟಂಗೆ ಐತೆ,” ಎಂದು ಮಂಜಣ್ಣ ಚಹಾದ ದುಡ್ಡು ಕೊಡಲು ಎದ್ದುಹೋದ.

ದಾವಣಗೆರೆ ಕಳೆದ ಮೇಲೆ ನೆಲದ ಬಣ್ಣ ಬದಲಾಯಿತು. ಮೆಕ್ಕೆಜೋಳ, ಶೇಂಗಾ, ನಡುವೆ ಬರೀ ಬಯಲು. ಎರಡು ಕಡೆ ಕುರಿ ಹಿಂಡಿಗಾಗಿ ಗಾಡಿ ನಿಲ್ಲಿಸಬೇಕಾಯಿತು. ಒಟ್ಟು ನೂರು ಕಿಲೋಮೀಟರಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ಗೌರಿ ನಿಂತಿದ್ದಾಳೆಂದು ಮಂಜಣ್ಣ ಪ್ರತಿ ಉಬ್ಬಿನಲ್ಲೂ ಗಾಡಿಯನ್ನು ತೆವಳಿಸಿದ.

ಮೈದಾನ ಊರಾಚೆ ಇತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಧೂಳೆಬ್ಬಿಸುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಕುದುರೆಗಳು ಬಂದಿದ್ದವು. ಕಿವಿಯ ತುದಿಗಳು ಒಂದಕ್ಕೊಂದು ತಾಗುವ ಮಾರ್ವಾಡಿ ತಳಿಯ ಕುದುರೆಯೊಂದನ್ನು ನೋಡುತ್ತಾ ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಗ ಯಾರ ಮೇಲೂ ಅನುಮಾನವಿರಲಿಲ್ಲ.

ತೊಂದರೆ ಶುರುವಾದದ್ದು ನೀರಿನಿಂದ. ಬಕೆಟ್ಟನ್ನು ಮೂಸಿ ಗೌರಿ ಮುಖ ತಿರುಗಿಸಿದಳು. ಮೂರು ಸಲ ಹಾಗೇ ಆಯಿತು. ಆ ಬಿಸಿಲಿನಲ್ಲಿ ನೀರು ಕುಡಿಯದ ಕುದುರೆಗೆ ಹೊಟ್ಟೆನೋವು ಬಂದರೆ ಸ್ಪರ್ಧೆ ಇರಲಿ, ಜೀವಕ್ಕೇ ಕುತ್ತು. ಅಷ್ಟರಲ್ಲಿ ರುದ್ರಪ್ಪನವರು ಬಂದರು. ಅರವತ್ತು ದಾಟಿದವರು, ದಪ್ಪ ಮೀಸೆ, ಕೈಯಲ್ಲಿ ಬೆಲ್ಲದ ಉಂಡೆ.

“ಇಲ್ಲಿ ನೀರು ಸವುಳು ತಂಗೀ, ಉಪ್ಪುಪ್ಪು. ಒಂಚೂರು ಬೆಲ್ಲ ಕದಡಿ ಇಡು, ಕುಡಿತೈತೆ.”

“ಬ್ಯಾಡ್ರೀ ಅಣ್ಣಾ, ನಮ್ಮ ಕುದುರೆಗೆ ಬೆಲ್ಲ ಆಗಲ್ಲ,” ಎಂದು ಸುಳ್ಳು ಹೇಳಿದೆ. ಬೆಲ್ಲದಲ್ಲಿ ಏನು ಬೆರೆಸಿದ್ದಾರೋ ಯಾರಿಗೆ ಗೊತ್ತು? ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆ ಉಂಡೆಯನ್ನು ತಮ್ಮ ಬಾಯಿಗೇ ಹಾಕಿಕೊಂಡು ಹೋದರು.

ಮಂಜಣ್ಣ ಪೇಟೆಗೆ ನಡೆದುಹೋಗಿ ಬೆಲ್ಲ ತಂದು ಕದಡಿದ. ಗೌರಿ ಬಕೆಟ್ ಬರಿದು ಮಾಡಿದಳು. ಬೆಲ್ಲದ ಜೊತೆ ಅವನು ಮಂಡಕ್ಕಿ ಮಿರ್ಚಿಯನ್ನೂ ತಂದಿದ್ದ. ತಿನ್ನುವಾಗ ನಾನು ತಲೆ ಎತ್ತಲಿಲ್ಲ.

ನಾಲ್ಕು ಗಂಟೆಗೆ ಲೋಟದ ನಡಿಗೆ. ಪ್ರತಿ ಲೋಟ ತುಂಬುವುದನ್ನೂ ನಾನು ಹತ್ತಿರ ನಿಂತು ಕಣ್ಣಿಟ್ಟು ನೋಡಿದೆ. ರುದ್ರಪ್ಪನವರದು ಅಂಚಿನವರೆಗೂ ತುಂಬಿತ್ತು. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಅವರ ಕಡು ಕಂದು ಕುದುರೆ ನೆಲದ ಮೇಲೆ ಜಾರಿದಂತೆ ನಡೆಯಿತು.

ನನ್ನ ಸರದಿ ಬಂತು. ಬ್ಯಾಂಡು, ಪಟಾಕಿಗಳ ನಡುವೆ ಬೆಳೆದ ಗೌರಿಗೆ ಮೈಕಿನ ಸದ್ದು ಲೆಕ್ಕಕ್ಕಿಲ್ಲ. ಮೂರು ತಿರುವುಗಳವರೆಗೂ ನೀರು ಅಲುಗಿದ್ದರೆ ಕೇಳಿ. ಅವಳ ಬೆನ್ನು ನನ್ನ ಬೆನ್ನು ಬೇರೆ ಅಲ್ಲ ಅನ್ನಿಸಿತು; ಗೆಲುವು ಸೋಲು ಎರಡೂ ಮರೆತುಹೋದವು. ಕೊನೆಯ ತಿರುವಿನಲ್ಲಿ ಗಾಳಿ ಬೀಸಿ ಅವಳ ಕತ್ತಿನ ಕೇಸರ ಹಾರಿ ಕೈಗೆ ಬಡಿಯಿತು. ಒಂದಿಷ್ಟು ನೀರು ಮಣಿಕಟ್ಟಿನ ಮೇಲೆ ಚೆಲ್ಲಿತು, ಒಂದು ಬಿಳಿ ಕೂದಲು ಲೋಟದೊಳಗೆ ಬಿತ್ತು.

ಲೋಟಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಪ್ರತಿಯೊಂದರ ಮುಂದೆ ಸವಾರರ ನಂಬರಿನ ಚೀಟಿ ಇಡುತ್ತಿದ್ದರು. ಹೆಸರು ಕೊಟ್ಟ ಕ್ರಮದಲ್ಲಿ ನನ್ನ ನಂಬರು ಏಳು, ರುದ್ರಪ್ಪನವರದು ಒಂಬತ್ತು; ಸವಾರಿಯ ಸರದಿ ಬೇರೆ. ಎಲ್ಲರ ಸುತ್ತು ಮುಗಿಯುವ ಹೊತ್ತಿಗೆ ಗಾಳಿ ಮತ್ತೆ ನುಗ್ಗಿ ಚೀಟಿಗಳೆಲ್ಲ ಹಾರಿದವು. ಸಂಘಟಕರು ಓಡಾಡಿ ಆರಿಸಿ, ನೆನಪಿನ ಮೇಲೆ ಮತ್ತೆ ಜೋಡಿಸಿದರು. ತೀರ್ಪುಗಾರರು ಗೆರೆ ಹಾಕಿದ ಕಡ್ಡಿಯನ್ನು ಒಂದೊಂದೇ ಲೋಟಕ್ಕೆ ಅದ್ದಿ ಅಳೆದರು. ಮೊದಲ ಬಹುಮಾನ ಆ ಮಾರ್ವಾಡಿ ಕುದುರೆಯ ಸವಾರನಿಗೆ ಹೋಯಿತು.

“ಎರಡನೇ ಬಹುಮಾನ, ಹೊಸಾ ಜೀನು, ಏಳನೇ ನಂಬರ್, ಚನ್ನಗಿರಿ!”

ಮೈಕಿನಲ್ಲಿ ಕೂಗಿದ್ದೇ ತಡ ಮಂಜಣ್ಣ ಸಿಳ್ಳೆ ಹೊಡೆದ. ಗೌರಿಯ ಬೆನ್ನಿಗೆ ಹಾಕುವ ನಮ್ಮ ಹಳೆಯ ಜೀನು ಎರಡು ಕಡೆ ಹರಿದಿತ್ತು. ಮೇಜಿನ ಬಳಿಗೆ ನಾನು ಹೆಚ್ಚುಕಡಿಮೆ ಓಡಿಯೇ ಹೋದೆ. ಅಲ್ಲಿ ಒಂಬತ್ತನೇ ಚೀಟಿಯ ಹಿಂದಿನ ಲೋಟದಲ್ಲಿ ಬಿಳಿ ಕೂದಲು ತೇಲುತ್ತಿತ್ತು. ಏಳರ ಹಿಂದಿನ ನೀರು ಶುದ್ಧವಾಗಿತ್ತು. ಚೀಟಿಗಳು ಅದಲುಬದಲಾಗಿದ್ದವು.

ಅದನ್ನು ಕಂಡವಳು ನಾನೊಬ್ಬಳೇ. ಬೆರಳಿನಿಂದ ಕೂದಲು ತೆಗೆದುಬಿಟ್ಟರೆ ಮುಗಿಯಿತು. ಕೈ ಮುಂದಕ್ಕೆ ಹೋಗಿಯೂ ಇತ್ತು, ಸುಳ್ಳು ಹೇಳಲಾರೆ. ಇಡೀ ದಿನ ಬೇರೆಯವರ ಕೈ ಮೇಲೆ ಕಣ್ಣಿಟ್ಟವಳಿಗೆ ತನ್ನ ಕೈ ಕಂಡು ನಾಚಿಕೆಯಾಯಿತು.

“ಸರ್, ನನ್ನ ಲೋಟ ಇದು. ಕೂದಲು ನೋಡ್ರಿ, ನನ್ನ ಕುದುರೇದು,” ಎಂದೆ.

ತೀರ್ಪುಗಾರರು ಕನ್ನಡಕ ಏರಿಸಿ ಲೋಟ ನೋಡಿದರು, ಎರಡೂ ಕುದುರೆಗಳನ್ನು ನೋಡಿದರು. “ನೀವು ಹೇಳ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲಮ್ಮಾ,” ಎಂದು ಮೈಕ್ ಹಿಡಿದು ತಪ್ಪು ತಿದ್ದಿದರು. ಜೀನು ರುದ್ರಪ್ಪನವರಿಗೆ ಹೋಯಿತು. ನಾನು ನಾಲ್ಕನೆಯವಳು, ನಾಲ್ಕಕ್ಕೆ ಬಹುಮಾನವಿರಲಿಲ್ಲ. ವಿಚಿತ್ರವೆಂದರೆ ಐದನೆಯವಳಾದಾಗ ಹೊನ್ನಾಳಿಯಿಂದ ಅಳುತ್ತಾ ಬಂದಿದ್ದೆ, ಈಗ ಹಸಿವಾಗುತ್ತಿತ್ತು.

ಗೌರಿಯನ್ನು ಗಾಡಿ ಹತ್ತಿಸುವಾಗ ರುದ್ರಪ್ಪನವರು ಜೀನು ಹೆಗಲ ಮೇಲೆ ಹಾಕಿಕೊಂಡು ಬಂದರು. ಸಂತೋಷದ ಮುಖವಲ್ಲ.

“ನಿಜ ಹೇಳು ತಂಗೀ. ಇದ್ರಾಗೆ ಏನು ಹಿಕ್ಮತ್ತು ಐತೆ?”

“ಏನೂ ಇಲ್ರೀ ಅಣ್ಣಾ. ಲೋಟ ನಿಮ್ಮದಿತ್ತು.”

“ಬೆಳಿಗ್ಗೆ ಬೆಲ್ಲ ಕೊಟ್ರೆ ಮುಟ್ಟಲಿಲ್ಲ, ಸಂಜಿಗೆ ಜೀನು ಬಿಟ್ಟುಕೊಡ್ತೀಯ. ಯಾರಾರ ಸುಮ್‌ಸುಮ್ನೆ ಹಿಂಗೆ ಮಾಡ್ತಾರೇನು?”

ನನಗೆ ನಗು ತಡೆಯಲಾಗಲಿಲ್ಲ. ಮಂಜಣ್ಣನೂ ನಕ್ಕ. ರುದ್ರಪ್ಪನವರು ಮಾತ್ರ ನಗಲಿಲ್ಲ. ನಾನು ಕೈ ಮುಗಿದು ಗಾಡಿ ಹತ್ತಿದೆ. ಮೈದಾನ ದಾಟುವಾಗ ಕನ್ನಡಿಯಲ್ಲಿ ಕಂಡರು: ಹೊಸ ಜೀನನ್ನು ನೆಲದ ಮೇಲೆ ಬೋರಲು ಹಾಕಿ, ಕುಕ್ಕರಗಾಲಲ್ಲಿ ಕೂತು, ಅದರ ಹೊಲಿಗೆಗಳನ್ನು ಹೆಬ್ಬೆರಳಿನಿಂದ ಒಂದೊಂದೇ ಒತ್ತಿ ನೋಡುತ್ತಿದ್ದರು.