ಗೋಮಾಳಕ್ಕೆ ಬಂದ ಬಂದರು

ನಮ್ಮೂರಿಗೆ ಬಂದರು ತರುತ್ತೇನೆ ಎಂದು ಮಂಡಿ ಸಾಹುಕಾರ ಘೋಷಿಸಿದ ದಿನ ನಾನು ಪಂಚಾಯ್ತಿ ಕಚೇರಿಯಲ್ಲೇ ಇದ್ದೆ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು, ನಮ್ಮ ಹೋಬಳಿಯ ರಾಜಕೀಯವನ್ನೂ ಅದೇ ಗದ್ದುಗೆಯ ಮೇಲೆ ಕೂತು ನಡೆಸುತ್ತಿದ್ದ ಮನುಷ್ಯ ಅವನು. ಸಮುದ್ರದ ಮುಖವನ್ನೇ ಕಾಣದ ನಮ್ಮ ಸದಸ್ಯರು ಚಪ್ಪಾಳೆ ತಟ್ಟಿದರು. ದಂಡಿನಶಿವರದ ಆಚೆಗಿನ ಬಯಲುಸೀಮೆ ಊರಿಗೆ ಬಂದರು ಹೇಗೆ ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಸಾಹುಕಾರನೇ ಬಿಡಿಸಿ ಹೇಳಿದ. ಇದು ಒಣ ಬಂದರಂತೆ. ಹಡಗಿಗೆ ಏರಿಸುವ ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು, ಅಂದರೆ ಕಂಟೇನರುಗಳನ್ನು, ಇಲ್ಲಿ ತಂದಿಳಿಸಿ, ಕೊಬ್ಬರಿ, ತೆಂಗಿನ ನಾರು ತುಂಬಿಸಿ, ಸೀಲು ಹಾಕಿ, ರೈಲಿನಲ್ಲಿ ಕರಾವಳಿಗೆ ಕಳಿಸುವ ಯಾರ್ಡು. ಹಳಿಯ ಪಕ್ಕದಲ್ಲೇ ಇದ್ದ ನಮ್ಮ ಗೋಮಾಳ ಅದಕ್ಕೆ ಹೇಳಿ ಮಾಡಿಸಿದ ಜಾಗವಂತೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಮಹಿಳಾ ಮೀಸಲಾತಿಯಲ್ಲಿ ಗೆದ್ದು ನಾನು ಪಂಚಾಯ್ತಿ ಸದಸ್ಯೆಯಾಗಿದ್ದೆ. ಉಳಿದ ಸದಸ್ಯೆಯರ ಬದಲಿಗೆ ಅವರ ಗಂಡಂದಿರು ಬಂದು, ಬೋಂಡ ತಿಂದು, ಹೆಂಡತಿಯ ರುಜುವನ್ನೂ ತಾವೇ ಹಾಕಿ ಹೋಗುತ್ತಿದ್ದರು. ಸಭೆಗೆ ನಾನೇ ಹೋಗುತ್ತಿದ್ದೆನಾದ್ದರಿಂದ ಊರಲ್ಲಿ ನನಗೆ ‘ಕೊಬ್ಬಿದವಳು’ ಎಂಬ ಬಿರುದಿತ್ತು.

ಯೋಜನೆಯಿಂದ ಊರಿನ ಜನಕ್ಕೆ ಏನು ಪರಿಣಾಮ ಎಂದು ಅಧ್ಯಯನ ಮಾಡಲು ಬೆಂಗಳೂರಿನಿಂದ ಒಬ್ಬ ತಜ್ಞ ಬಂದ. ಯಾರ್ಡು ಕಟ್ಟುವ ಕಂಪನಿಯೇ ಸಂಬಳ ಕೊಟ್ಟು ಕಳಿಸಿದ ತಜ್ಞ. ಸಾಹುಕಾರನ ತೋಟದಲ್ಲಿ ಕುರ್ಚಿ ಹಾಕಿಸಿಕೊಂಡು, ಎಳನೀರು ಹೀರುತ್ತಾ, ಸಾಹುಕಾರ ಕರೆಸಿದ ಗಂಡಸರನ್ನಷ್ಟೇ ಮಾತಾಡಿಸಿದ. ಅವರಲ್ಲಿ ಒಬ್ಬನ ಕೊಟ್ಟಿಗೆಯಲ್ಲೂ ಒಂದು ಕರುವಿರಲಿಲ್ಲ. ಸಂಜೆ ಗೋಮಾಳದ ಕಡೆ ಕ್ಯಾಮೆರಾ ಹಿಡಿದು ಬಂದಾಗ ನಮ್ಮತ್ತೆ ಅಲ್ಲಿ ಎಮ್ಮೆ ಮೇಯಿಸುತ್ತಿದ್ದರು. ಅವರಿಗೆ ಮಧ್ಯಾಹ್ನದ ಬುತ್ತಿ ಒಯ್ದಿದ್ದ ನಾನೂ ಇನ್ನೂ ಅಲ್ಲೇ ಇದ್ದೆ.

“ಅಜ್ಜೀ, ಆ ಎಮ್ಮೆ ಹೊಡ್ಕೊಂಡು ಸ್ವಲ್ಪ ಪಕ್ಕಕ್ಕೆ ಹೋಗಿ. ಖಾಲಿ ಜಾಗದ ಫೋಟೊ ಬೇಕು” ಎಂದ.

“ಖಾಲಿ ಎಲ್ಲೈತಪ್ಪ? ನಾವು ಇಲ್ವಾ?” ಎಂದರು ಅತ್ತೆ.

ಅವನು ನಕ್ಕ. ನಾವು ನಿಂತಲ್ಲಿಂದ ಕದಲದೆ ಇದ್ದುದನ್ನು ನೋಡಿ ಬೇರೆ ದಿಕ್ಕಿಗೆ ತಿರುಗಿ ಫೋಟೊ ಹೊಡೆದುಕೊಂಡು ಹೋದ.

ಸ್ಕೂಲಿನ ಮುಂದೆ ಶಾಮಿಯಾನ ಹಾಕಿ ಅಹವಾಲು ಸಭೆ ನಡೆಸಿದಾಗ ಅದೇ ಫೋಟೊವನ್ನು ದೊಡ್ಡದು ಮಾಡಿ ನಿಲ್ಲಿಸಿದ್ದರು. ಕೆಳಗೆ ‘ಉಪಯೋಗವಿಲ್ಲದ ಬಂಜರು’ ಎಂದು ಬರೆದಿತ್ತು. ಪಕ್ಕದಲ್ಲಿ ಥರ್ಮಕೋಲಿನ ಪುಟ್ಟ ಬಂದರು. ಬೆಂಕಿಪೊಟ್ಟಣಕ್ಕೆ ಬಣ್ಣ ಬಳಿದು ಮಾಡಿದ ಕಂಟೇನರುಗಳು, ಮರದಹೊಟ್ಟಿನ ಹಸಿರು ಹುಲ್ಲು. ಮೇಲಿನಿಂದ ಹರಿದುಬಂದು, ಗೋಮಾಳ ಹಾದು, ನಮ್ಮ ಕೆರೆ ಸೇರುವ ಹಳ್ಳ ಮಾತ್ರ ಅದರಲ್ಲಿ ಇರಲಿಲ್ಲ.

ನಾನು ಎದ್ದು ನಿಂತೆ. “ಹಳ್ಳ ಎಲ್ಲಿ ಹೋಯ್ತು? ಮಳೆ ನೀರು ಕೆರೆಗೆ ಹೆಂಗೆ ಹೋಗುತ್ತೆ?”

“ಅದೆಲ್ಲ ಮುಂದಿನ ಸ್ಟೇಜಿನಲ್ಲಿ ಬರುತ್ತೆ ಮೇಡಂ” ಎಂದ ತಜ್ಞ.

ಸಾಹುಕಾರ ಮೈಕು ಎಳೆದುಕೊಂಡ. “ನೋಡಮ್ಮ, ಇವೆಲ್ಲ ನಿಂಗೆ ತಿಳಿಯಾಕಿಲ್ಲ. ನಿಮ್ಮ ಯಜಮಾನ್ರನ್ನ ಕಳ್ಸು, ಅವರ ತಾವ ಮಾತಾಡ್ತೀನಿ.”

ಶಾಮಿಯಾನವೆಲ್ಲ ನಕ್ಕಿತು. ನಮ್ಮ ಯಜಮಾನರೂ ನಕ್ಕರು. ಯಾರ್ಡಿನ ಗೇಟಿನ ಪಕ್ಕ ಕ್ಯಾಂಟೀನು ನಿನಗೇ ಎಂದು ಸಾಹುಕಾರ ಅವರಿಗೆ ಮಾತು ಕೊಟ್ಟಿದ್ದ. ಅವರಾಗಲೇ ತಿಪಟೂರಿಗೆ ಹೋಗಿ ದೋಸೆ ಹಿಟ್ಟಿನ ಗ್ರೈಂಡರ್ ನೋಡಿಕೊಂಡು ಬಂದಿದ್ದರು. ಊರಿಗೆ ಏನು ಲಾಭ ಎಂದು ಯಾರೋ ಕೇಳಿದ್ದಕ್ಕೆ ಕಂಪನಿಯವರು ಒಂದು ಬಸ್ ತಂಗುದಾಣ ಕಟ್ಟಿಸಿಕೊಡುತ್ತೇವೆ ಎಂದರು. ನಮ್ಮೂರಿಗೆ ಬಸ್ಸೇ ಬರುತ್ತಿರಲಿಲ್ಲ. ಆದರೂ ಚಪ್ಪಾಳೆ. ಸುಗ್ಗಿ ಕಳೆದ ಮೇಲೆ ಹುಳಿಯಾರು ಕಡೆಯಿಂದ ಕುರಿ ಮಂದೆಗಳು ಬಂದು ಆ ಗೋಮಾಳದಲ್ಲಿ ಇಳಿಯುತ್ತಿದ್ದವು. ಅವನ್ನು ಕಾಡಿ ಬೇಡಿ ತಮ್ಮ ತೋಟದಲ್ಲಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಸಿಕೊಳ್ಳುತ್ತಿದ್ದವರೂ ಯೋಜನೆಗೆ ಕೈ ಎತ್ತಿದರು. ಮಂದೆ ಮುಂದೆ ಎಲ್ಲಿ ಇಳಿಯಬೇಕು ಎಂಬ ಯೋಚನೆ ಆ ತಲೆಗಳಲ್ಲಿ ಸುಳಿಯಲೇ ಇಲ್ಲ.

ಬೇಸಿಗೆಯಲ್ಲಿ ಕಾಂಪೌಂಡ್ ಎದ್ದಿತು. ಕಂಟ್ರಾಕ್ಟು ಸಾಹುಕಾರನ ಬಾಮೈದನದು. ಹಳ್ಳ ಗೋಮಾಳಕ್ಕೆ ಬರುವ ಜಾಗದಲ್ಲೂ ಗೋಡೆಯನ್ನು ಅಡ್ಡಕ್ಕೆ ಎಳೆದು, ನೀರು ಹೋಗಲೆಂದು ಒಂದು ಸಣ್ಣ ಪೈಪು ತೂರಿಸಿದ್ದ. ಗೋಡೆಯ ಮೇಲುಗಡೆ, ಹಳ್ಳದ ದಂಡೆಯಲ್ಲಿ ತೆಂಗಿನಕಾಯಿ ಸುಲಿಯುವ ಕೂಲಿಯವರ ಮನೆಗಳಿದ್ದವು. ನಾನು ಅಧ್ಯಕ್ಷರಿಗೆ ಹೇಳಿದೆ, ಕಾರ್ಯದರ್ಶಿಗೆ ಹೇಳಿದೆ. ಇಬ್ಬರೂ ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಪಂಚಾಯ್ತಿಯನ್ನು ಕೇಳಿ ಎಂದರು.

ಉತ್ತರೆ ಮಳೆ ಹಿಡಿಯಿತು. ಹಳ್ಳದಲ್ಲಿ ತೇಲಿಬಂದ ಗರಿ, ಮಟ್ಟೆ ಎಲ್ಲ ಹೋಗಿ ಪೈಪಿಗೆ ಕಚ್ಚಿಕೊಂಡವು. ಬೆಳಗಾಗುವಷ್ಟರಲ್ಲಿ ಸುಲಿಯುವವರ ಮನೆಗಳೊಳಗೆ ಮೊಣಕಾಲುದ್ದ ನೀರು. ಗೋಡೆಯ ಈಚೆಗೆ ನಮ್ಮ ಕೆರೆಯ ಅಂಗಳ ಒಣಗಿಕೊಂಡೇ ಇತ್ತು. ಹೆಂಗಸರು ರಾಗಿ ಮೂಟೆ, ಕೋಳಿ, ಮಕ್ಕಳನ್ನು ಪಕ್ಕದ ದಿಬ್ಬಕ್ಕೆ ಸಾಗಿಸುತ್ತಿದ್ದರು. ಊರ ಗಂಡಸರು ಕೊಡೆ ಹಿಡಿದು ಸಾಲಾಗಿ ನಿಂತು ಚರ್ಚೆ ಮಾಡುತ್ತಿದ್ದರು. ಗೋಡೆ ಮುಟ್ಟಿದರೆ ಕೇಸಾಗುತ್ತದೆ, ಸಾಹುಕಾರರಿಗೆ ಫೋನು ಹೋಗಿದೆ, ಅವರು ಬರಲಿ ಎಂಬುದು ಅವರ ತೀರ್ಮಾನ.

ಅತ್ತೆ ಸೀರೆ ಎತ್ತಿ ಕಟ್ಟಿದರು. ಕಾಯಿ ಸುಲಿಯುವವರ ಮನೆಯ ಒಂದು ಹಾರೆ ಕೈಗೆ ತಗೊಂಡರು.

“ಫೋನು ಮಾಡ್ಕಂಡು ನಿಂತಿರ್ರಿ ನೀವು. ನೀರು ಕೇಳ್ತದಾ ನಿಮ್ಮ ಫೋನಾ? ಬುಡ್ರಿ ದಾರಿ!”

ನಾನು ಅವರ ಹಿಂದೆ ಇಳಿದೆ. ನಮ್ಮ ಹಿಂದೆ ಸುಲಿಯುವವರ ಮನೆ ಹೆಂಗಸರು ತಮ್ಮ ತಮ್ಮ ಹಾರೆಗಳೊಂದಿಗೆ ಇಳಿದರು. ಯಜಮಾನರು ದಿಬ್ಬದ ಮೇಲಿಂದ, “ಅವ್ವಾ, ಬ್ಯಾಡ ಕಣವ್ವಾ” ಎಂದು ಕೂಗುತ್ತಲೇ ಇದ್ದರು, ಇಳಿಯಲಿಲ್ಲ. ಗೋಡೆ ಒಡೆಯುವುದು ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಹಾರೆ ತಾಕಿದ ಕಡೆಯೆಲ್ಲ ಗಾರೆ ಹಿಟ್ಟಿನಂತೆ ಉದುರಿತು. ಬಾಮೈದ ಸಿಮೆಂಟನ್ನು ವಾಸನೆಗಷ್ಟೇ ಹಾಕಿದ್ದ. ಇಟ್ಟಿಗೆಗಳು ಸಡಿಲವಾಗುತ್ತಿದ್ದಂತೆ ನೀರೇ ತಳ್ಳಿಕೊಂಡು ಹೊರಟಿತು. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ಪಕ್ಕಕ್ಕೆ ಬಿದ್ದೆವು. ಮೈಯೆಲ್ಲ ಕೆಸರು. ನನಗೆ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನ ಪೊಲೀಸ್ ಜೀಪು ಬಂತು. “ಯಾರ್ರೀ ಗೋಡೆ ಒಡೆದೋರು?” ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದ. ಕೊಡೆ ಹಿಡಿದಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

“ನಾನು ಕಣಪ್ಪ” ಎಂದರು ಅತ್ತೆ.

“ನೀನೊಬ್ಳೇನಾ ಅಜ್ಜಿ?”

“ನಮ್ಮ ಸೊಸೆನೂ ಇದ್ಲು. ಬರ್ಕೋ.”

ಸುಲಿಯುವವರ ಮನೆಯವರ ಹೆಸರನ್ನು ನಾವಿಬ್ಬರೂ ಎತ್ತಲಿಲ್ಲ. ತುರುವೇಕೆರೆ ಠಾಣೆಯ ಬೆಂಚಿನ ಮೇಲೆ ಸಾಯಂಕಾಲದವರೆಗೂ ಕೂರಿಸಿ, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು ಕಳಿಸಿದರು. ಯಜಮಾನರು ಅಲ್ಲಿಗೂ ಬರಲಿಲ್ಲ. ಕ್ಯಾಂಟೀನು ಕೈತಪ್ಪಿತೆಂಬ ದುಃಖದಲ್ಲಿ ಮಲಗಿದ್ದರು.

ಕಂಪನಿ ಆಮೇಲೆ ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ನಮ್ಮ ಹಾರೆಗೆ ಹೆದರಿಯೇನಲ್ಲ. ರೈಲಿನವರು ಪಕ್ಕದ ಹಳಿ ಹಾಕಲು ಒಪ್ಪಲಿಲ್ಲವಂತೆ, ದೊಡ್ಡ ರಸ್ತೆಯ ಬದಿಯಲ್ಲಿ ಬೇರೆ ಜಾಗ ಸಿಕ್ಕಿತಂತೆ. ಹಳ್ಳವನ್ನೇ ಕಾಣದೆ ನಕ್ಷೆ ಬರೆದವರಿಗೆ ಹಳಿಯ ವಿಚಾರವಾದರೂ ಮೊದಲೇ ಹೊಳೆಯಬೇಡವೇ? ಜಮೀನಿನ ಕಾಗದ ಮಾತ್ರ ಕಂಪನಿಯ ಹೆಸರಲ್ಲೇ ಉಳಿಯಿತು. ಅದನ್ನು ಬಿಡಿಸಿಕೊಡಿ ಎಂದು ತಾಲ್ಲೂಕು ಕಚೇರಿಗೆ ಅಲೆದೂ ಅಲೆದೂ ನನ್ನ ಸದಸ್ಯತ್ವದ ಅವಧಿ ಮುಗಿಯಿತು.

ಮುಂದಿನ ಚುನಾವಣೆಗೆ ಸಾಹುಕಾರ ತಾನೇ ನಿಂತ. ನಮ್ಮೂರಲ್ಲಿ ವೇದಿಕೆ ಹಾಕಿಸಿ, “ನಿಮ್ಮ ಗೋಮಾಳ ಕಂಪನಿ ಪಾಲಾಗದಂಗೆ ಉಳಿಸಿದ್ದು ಯಾರು?” ಎಂದು ಗುಡುಗಿದ. ಜನ ಅವನ ಹೆಸರನ್ನೇ ಕೂಗಿದರು. ಹೆಗಲ ಮೇಲೆ ಮಕ್ಕಳನ್ನು ಹೊತ್ತು ನೀರಿನಿಂದ ಹೊರಬಂದ ಹೆಂಗಸರ ಗಂಡಂದಿರೂ ಕೂಗಿದರು. ನನಗೂ ಒಂದು ಶಾಲು ಹೊದಿಸುತ್ತೇನೆಂದು ಮೇಲಕ್ಕೆ ಕರೆದ. ಹೋದೆ. ಮೈಕು ಹಿಡಿದು ಹೇಳಿದೆ:

“ಸಾಹುಕಾರ್ರು ಅವರ ಬಾಮೈದನ ಕೈಲಿ ಗೋಡೆ ಕಟ್ಟಿಸಿದ್ರು. ಬೇರೆ ಯಾರಾದ್ರೂ ಕಟ್ಟಿದ್ದಿದ್ರೆ ಗಟ್ಟಿಯಾಗಿರೋದು, ನಾವು ಒಡೆಯಾಕೆ ಆಗ್ತಿರಲಿಲ್ಲ. ಅದುಕ್ಕೆ ಅವರಿಗೆ ಒಂದು ದೊಡ್ಡ ನಮಸ್ಕಾರ.”

ನಮಸ್ಕಾರ ಎಂಬ ಮಾತಷ್ಟೇ ಕಿವಿಗೆ ಬಿದ್ದಿರಬೇಕು. ಎಲ್ಲರಿಗಿಂತ ಮೊದಲು ಸಾಹುಕಾರನೇ ಚಪ್ಪಾಳೆ ತಟ್ಟಿದ. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಮನೆಗೆ ಬಂದೆ.

ಅವನು ಗೆದ್ದ. ಆ ದಿನ ನಮ್ಮ ಬೀದಿಯಲ್ಲೂ ಪಟಾಕಿ ಹೊಡೆದರು. ಯಜಮಾನರು ಬಾಗಿಲಾಚೆ ನಿಂತು ಮೆರವಣಿಗೆ ದಾಟುವವರೆಗೂ ನೋಡಿ ಒಳಗೆ ಬಂದರು. ನಾನು ಮುದ್ದೆ ಬಡಿಸಿದೆ, ಓಟು ಯಾರಿಗೆ ಹಾಕಿದಿರಿ ಎಂದು ಕೇಳಲಿಲ್ಲ.