ಎಲೆ ಎಷ್ಟು ಅಂತ ಕೇಳಲು ಹೋದದ್ದು

ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ ನೂರು ಬಗೆಯ ಮಾತಿದೆ. ಬರುತ್ತೇನೆ ಅನ್ನುವುದಕ್ಕೆ ಒಂದೂ ಇಲ್ಲ. ಲಗ್ನಪತ್ರಿಕೆ ಹಿಡಿದು ಹೋದರೆ ಹಣೆಗೆ ಕುಂಕುಮ ಇಟ್ಟುಕೊಂಡು, ಪತ್ರಿಕೆಯನ್ನು ಟಿ.ವಿ. ಹಿಂದೆ ಸಿಕ್ಕಿಸಿ, ‘ಆಯ್ತು, ನೋಡಾನ ಬುಡು’ ಅನ್ನುತ್ತಾರೆ. ಮನೆಮಂದಿಯೆಲ್ಲ ಹಿಂದಿನ ದಿನವೇ ಬಂದು ಇಳಿಯುತ್ತೇವೆ ಎಂದೂ ಅದಕ್ಕೆ ಅರ್ಥವಿರಬಹುದು, ಅವತ್ತು ಗದ್ದೆ ನಾಟಿ ಇದೆ ಎಂದೂ ಇರಬಹುದು. ಯಾವುದು ಎಂದು ತಿಳಿಯುವುದು ಛತ್ರದಲ್ಲೇ.

ಉಳಿದವರಿಗೆ ಇದು ಸಾಗುತ್ತದೆ. ನನಗೆ ಸಾಗಲಿಲ್ಲ. ನಾನು ಮಂಡ್ಯದಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಯಾರು ಊರಿಗೆ ಹೋದರು, ಯಾರಿಗೆ ಜ್ವರ, ಯಾರಿಗೆ ಉಪವಾಸ ಎಂದು ವಿಚಾರಿಸಿ, ತಲೆ ಎಣಿಸಿ ಅಕ್ಕಿ ಅಳೆದು ಕೊಡುವುದು ದಿನದ ಕೆಲಸ. ಜೊತೆಗೆ ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ಮನೆಗೆ ಓಡಿ, ಆರಿಸಿರುವುದನ್ನು ನೋಡಿ, ಬೀಗ ಹಾಕಿ ಬಂದು, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಓಡಿದವಳು ನಾನು. ಅಂಥವಳ ಮಗಳ ಮದುವೆ ಗೊತ್ತಾಗಿತ್ತು. ಗಂಡು ಮಳವಳ್ಳಿಯವರು. ಎರಡೂ ಕಡೆಗೆ ಅನುಕೂಲವಾಗಲಿ ಎಂದು ಮದ್ದೂರಿನಲ್ಲಿ ಛತ್ರ ಹಿಡಿದಿದ್ದೆವು.

ಅಡುಗೆ ಭಟ್ಟರು ಮೊದಲ ದಿನವೇ ಹೇಳಿದ್ದರು: “ಎಲೆ ಎಷ್ಟು ಅಂತ ಹೇಳ್ಬಿಡಿ ಮೇಡಂ. ಬೀಗರ ಮುಂದೆ ಸಾರಿಗೆ ನೀರು ಬೆರೆಸೋ ಹಂಗೆ ಮಾಡ್ಬೇಡಿ.”

ಮಗಳು ಫೋನಿನಲ್ಲಿರುವ ನೆಂಟರ ಗುಂಪಿಗೆ, ‘ನಿಮ್ಮ ಮನೆಯಿಂದ ಎಷ್ಟು ಜನ ಬರುತ್ತೀರಿ, ದಯವಿಟ್ಟು ತಿಳಿಸಿ’ ಎಂದು ಬರೆದಳು. ಕೈ ಮುಗಿದ ಚಿತ್ರಗಳು ಬಂದವು. ಗುಲಾಬಿ ಹೂ ಬಂತು. ಒಬ್ಬರು ಶುಭೋದಯ ಹೇಳುವ ಗಣಪತಿಯನ್ನು ಕಳಿಸಿದರು. ಅಂಕಿ ಮಾತ್ರ ಯಾರೂ ಹಾಕಲಿಲ್ಲ. ಚಿಕ್ಕರಸಿನಕೆರೆಯ ನನ್ನ ಚಿಕ್ಕಪ್ಪ ಫೋನು ಮಾಡಿಯೇ ಕೇಳಿದರು: “ಏನವ್ವ, ಜನ ಎಣಿಸ್ತಿದ್ದೀಯಂತೆ? ಅನ್ನ ಏನು ಅಳ್ದು ಇಕ್ತೀಯಾ?”

ನಿಜ ಹೇಳಬೇಕೆಂದರೆ ಅಷ್ಟು ಎಲೆಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಎರಡೇ. ಮಗಳ ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅಪ್ಪನಿಲ್ಲದ ಹುಡುಗಿಯನ್ನು ಧಾರೆ ಎರೆದುಕೊಡಬೇಕಾದವರು ದೊಡ್ಡಪ್ಪ ದೊಡ್ಡಮ್ಮ, ಅಂದರೆ ಕೆರಗೋಡಿನಲ್ಲಿರುವ ನನ್ನ ಬಾವ ಮತ್ತು ಅವರ ಹೆಂಡತಿ. ಆಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಪತ್ರಿಕೆ ಕೊಟ್ಟಾಗ ಬಾವ ಅದನ್ನು ಬಿಡಿಸಿಯೂ ನೋಡದೆ, “ನೋಡಾನ ಬುಡು” ಅಂದಿದ್ದರು. ಎಲ್ಲರೂ ಅನ್ನುವ ಮಾತೇ. ಆದರೆ ತಮ್ಮ ಹೋದ ಮೇಲೆ ತಮ್ಮನ ಹೆಂಡತಿಯ ಗೊಡವೆ ಯಾಕೆ ಎನ್ನುವವರು ಅನ್ನುವುದೂ ಅದನ್ನೇ. ಎರಡರಲ್ಲಿ ಯಾವುದು?

ಒಂದು ಭಾನುವಾರ ನಿರ್ಧಾರ ಮಾಡಿದೆ. ಮನೆಮನೆಗೆ ಮತ್ತೆ ಹೋಗಿ, ಎದುರಿಗೆ ಕೂತು, ಬಾಯಿಬಿಟ್ಟು ಕೇಳುವುದು. ನೇರವಾಗಿ ಕೆರಗೋಡಿಗೆ ಹೋಗಲು ಧೈರ್ಯ ಬರಲಿಲ್ಲ. ನಾಲಿಗೆ ಸ್ವಲ್ಪ ಸಡಿಲವಾಗಲಿ ಎಂದು ಮೊದಲು ಹೊಳಲಿಗೆ ಹೋದೆ. ಅಲ್ಲಿ ನಮ್ಮ ಅತ್ತೆಯ ತಂಗಿ ಇದ್ದಾರೆ, ಚಿಕ್ಕತ್ತೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವರು ನನ್ನನ್ನು ನೋಡಿದ್ದೇ ಮೊರ ಪಕ್ಕಕ್ಕಿಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ! ಏನಾಯ್ತವ್ವ? ಗಂಡಿನ ಕಡೆಯೋರು ಏನಂದ್ರು?”

ಆಗ ನನಗೆ ಹೊಳೆಯಿತು. ಕರೆದ ಮನೆಗೆ ಎರಡನೇ ಸಲ ಹೋಗುವುದು ನಮ್ಮಲ್ಲಿ ಒಂದೇ ಕಾರಣಕ್ಕೆ: ಮದುವೆ ನಿಂತುಹೋಗಿದೆ, ಹೊರಡಬೇಡಿ ಎಂದು ಹೇಳುವುದಕ್ಕೆ.

“ಏನೂ ಆಗಿಲ್ಲ ಚಿಕ್ಕತ್ತೆ. ನಿಮ್ಮನೆಯಿಂದ ಎಷ್ಟು ಜನ ಬರ್ತೀರಿ ಅಂತ ಕೇಳಕ್ಕೆ ಬಂದೆ.”

“ನನ್ ತಾವ ಯಾಕೆ ಮುಚ್ಚಿಡ್ತೀಯ? ಊಟುದ್ ಲೆಕ್ಕ ಕೇಳಕ್ಕೆ ಯಾರಾದ್ರೂ ಬಸ್ಸತ್ತಿ ಬತ್ತಾರಾ? ಇರಲಿ ಬುಡವ್ವ, ಇವನಲ್ದಿದ್ರೆ ಇನ್ನೊಬ್ಬ.”

ಇಲ್ಲ ಇಲ್ಲ ಎಂದು ಎಷ್ಟು ಸಲ ಹೇಳಿದೆನೋ, ಅಷ್ಟೂ ಸಲ ಅವರ ಕಣ್ಣಲ್ಲಿ ನೀರು ಹೆಚ್ಚಾಯಿತು. ಕೊನೆಗೆ ನನಗೇ ಅನುಮಾನ ಬಂದು, ಹೊರಗೆ ಬಂದವಳೇ ಮಗಳಿಗೆ ಫೋನು ಮಾಡಿ, “ಎಲ್ಲ ಸರಿಯಾಗಿದೆ ತಾನೇ?” ಎಂದು ಕೇಳಿದೆ.

ಮಂಡ್ಯಕ್ಕೆ ಬಂದು ಕೆರಗೋಡಿನ ಬಸ್ಸಿನಲ್ಲಿ ಕೂರುವಷ್ಟರಲ್ಲಿ ಮಳವಳ್ಳಿಯಿಂದ ಬೀಗಿತ್ತಿಯ ಫೋನು ಬಂತು. “ಮದ್ವೆ ನಿಂತೋಯ್ತಂತೆ? ನಮಗೊಂದ್ ಮಾತು ಯೋಳ್ಬಾರ್ದಾ? ನಾವಿಲ್ಲಿ ಸೂಟು ಒಲಿಯಕ್ಕೆ ಕೊಟ್ಟೀವಿ!”

ಬೇರೆ ದಿನವಾಗಿದ್ದರೆ ಫೋನು ಕೈಜಾರುತ್ತಿತ್ತು. ಅವತ್ತು ಏನಾಗಿತ್ತೋ, “ಮದುವೆ ಇದೆ. ನಿಮ್ಮ ಕಡೆಯಿಂದ ಎಷ್ಟು ಜನ?” ಅಂದೆ.

“ಅದ್ನ ಎಂಗವ್ವ ಯೋಳಾದು? ಬರೋರು ಬತ್ತಾರೆ.”

“ಹಂಗಾದ್ರೆ ನಾಳೆ ನಾನೇ ಮಳವಳ್ಳಿಗೆ ಬಂದು ಮನೆಮನೆ ಕೇಳ್ಕೋತೀನಿ.”

“ಬ್ಯಾಡ ಬ್ಯಾಡ! ನೀವು ಬೀದೀಲಿ ಕಂಡ್ರೆ ಜನ ಏನಂದ್ಕತಾರೆ? ಸಂಜೀಕೆ ನಾನೇ ಕೇಳಿ ಯೋಳ್ತೀನಿ.”

ಸಾಲವಲ್ಲ, ಜಗಳವಲ್ಲ, ನನ್ನ ಮುಖ ತೋರಿಸುವುದೇ ಒಂದು ಬೆದರಿಕೆಯಾಗಿತ್ತು. ಸ್ವಲ್ಪ ಹೆಮ್ಮೆಯೂ ಆಯಿತು.

ಕೆರಗೋಡಿನಲ್ಲಿ ಇಳಿದರೆ ಬಾವ ಬೈಕಿನ ಮೇಲೆ, ಅಕ್ಕ ಹಿಂದೆ. ಎಂಜಿನ್ ಓಡುತ್ತಲೇ ಇತ್ತು. ಸುದ್ದಿ ಬಸ್ಸಿಗಿಂತ ಮೊದಲು ಮುಟ್ಟಿತ್ತು.

“ಅತ್ತು ಗಾಡಿ,” ಅಂದರು ಬಾವ. “ಮಳವಳ್ಳಿಗೆ ಓಗಾನ. ಯಾವನವ್ನು ನಮ್ಮ ಮಗೀನ ಬ್ಯಾಡ ಅಂದೋನು?”

“ಯಾರೂ ಬೇಡ ಅಂದಿಲ್ಲ ಬಾವ. ನಿಮ್ಮನ್ನ ಕೇಳಕ್ಕೆ ಬಂದೆ, ಮದುವೆಗೆ ಬರ್ತೀರಾ ಇಲ್ವಾ ಅಂತ.”

ಬಾವ ಎಂಜಿನ್ ಆರಿಸಿದರು. ಟೀ ಅಂಗಡಿಯ ಬೆಂಚಿನಲ್ಲಿದ್ದವರೆಲ್ಲ ಲೋಟ ಹಿಡಿದು ಇತ್ತ ತಿರುಗಿದರು.

“ನನ್ ತಮ್ಮನ್ ಮಗಳ ಮದ್ವೆಗೆ ನಾ ಬತ್ತೀನಾ ಅಂತ ಕೇಳಕ್ಕೆ ಬಸ್ಸತ್ತಿ ಬಂದ್ಯಾ? ಮುಯ್ಯಿ ಎಷ್ಟು ಆಕ್ತೀರಿ ಅಂತಾನೂ ಕೇಳ್ಬುಡು ಮತ್ತೆ.”

ನಾನು ಹಿಂದಕ್ಕೆ ಹೋಗಲಿಲ್ಲ. “ಕೇಳ್ತೀನಿ ಬಾವ. ನೋಡಾನ ಅಂದ್ರಿ. ಅದರಲ್ಲಿ ನಾನು ಏನಂತ ತಿಳ್ಕೊಳ್ಲಿ? ಧಾರೆ ಮಣೆ ಮೇಲೆ ಯಾರನ್ನ ಕೂರಿಸ್ಲಿ?”

ಅಕ್ಕ ಬೈಕಿನಿಂದ ಇಳಿದರು. “ಧಾರೆಗೆ ಕುಂತ್ಕಳಿ ಅಂತ ನೀ ಯಾವತ್ತು ಕೇಳ್ದೆ? ಊರೋರ್ಗೆಲ್ಲ ಕೊಟ್ಟಂಗೆ ನಮ್ಗೂ ಪತ್ರಿಕೆ ಕೊಟ್ಟು, ಕಾಪಿ ಕುಡ್ದು ಎದ್ದೋದೆ. ನಿಮ್ಮಣ್ಣುನ್ನೇ ಕುಂಡ್ರುಸ್ತೀಯೇನೋ ಅಂತ ನಾವು ಸುಮ್ಕಾದೊ. ಇವ್ರು ಅವತ್ತಿಂದ ಸರ್ಯಾಗಿ ಉಂಡಿಲ್ಲ.”

“ಉಂಡಿಲ್ಲ ಅಂತ ಯಾರಂದ್ರು?” ಬಾವ ಗದರಿದರು. “ನೆನ್ನೆ ಎರಡು ಮುದ್ದೆ ಉಂಡೆ.”

ಊರಿಗೆಲ್ಲ ಉತ್ತರ ಕೊಡಿ ಎಂದು ಅಲೆಯುತ್ತಿದ್ದವಳು, ಕೇಳಬೇಕಾದ ಕಡೆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಹೇಳದಿದ್ದರೂ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಅವರೂ ಹಾಗೆಯೇ ಅಂದುಕೊಂಡಿದ್ದರು. ಅಷ್ಟು ಜನರ ಎದುರಿಗೇ, ಬಸ್ ನಿಲ್ದಾಣದಲ್ಲೇ, ಬ್ಯಾಗು ಕೆಳಗಿಟ್ಟು ಕೈ ಮುಗಿದೆ.

“ಬಾವ, ಅಕ್ಕ, ಅವರ ಜಾಗದಲ್ಲಿ ನೀವು ಕೂತು ಮಗಳನ್ನ ಧಾರೆ ಎರೆದುಕೊಡಬೇಕು. ಕೂತ್ಕೋತೀರಾ?”

“ಕುಂತ್ಕತೀವಿ,” ಅಂದರು ಬಾವ. ಹೆಗಲ ಮೇಲಿನ ಟವೆಲಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಅಷ್ಟೇನೂ ಬಿಸಿಲಿರಲಿಲ್ಲ. ಆಮೇಲೆ ಕೇಳಿದರು: “ಅದೇನೋ ಎಲೆ ಲೆಕ್ಕ ಆಕ್ತಿದ್ದೀಯಂತಲ್ಲ, ಎಲ್ಲಿಗೆ ಬಂತು?”

“ಎರಡು ಆಯ್ತು ಬಾವ.”

“ಎರಡಾ! ನಡಿ ನನ್ ಜೊತೆ.”

ಬೈಕನ್ನು ಅಲ್ಲೇ ಬಿಟ್ಟು ಬೀದಿಗೆ ನಡೆದರು. ಮೊದಲ ಮನೆಯ ಮುಂದೆಯೇ ಕೂಗಿದರು: “ಲೇ, ನಮ್ಮನೆ ಮದ್ವೆಗೆ ನಿಮ್ಮನೆಯಿಂದ ಎಷ್ಟು ಜನ್ಲಾ?”

“ನೋಡಾನ ಬುಡಣ್ಣ,” ಎಂದಿತು ಒಳಗಿನ ದನಿ.

“ನೋಡಕ್ಕೆ ಅದೇನ್ಲಾ, ಸಿನಿಮಾನಾ? ಈಗ್ಲೇ ಯೋಳು.”

“ಐದು ಕಣಣ್ಣ. ನಮ್ಮತ್ತೆ ಬಂದ್ರೆ ಆರು.”

ಬಾವ ನನ್ನ ಕಡೆ ತಿರುಗಿ, “ಆ ವಮ್ಮ ಒಂದೇ ಎಲೇಲಿ ಇಬ್ರ ಊಟ ಉಣ್ತದೆ. ಏಳು ಅಂತ ಆಕವ್ವ,” ಅಂದರು. ಒಳಗಿನಿಂದ ಅತ್ತೆಯದೇ ಇರಬೇಕು, ಒಂದು ಬೈಗುಳ ಬಂತು.

ಹೀಗೆ ಬೀದಿಯ ಉದ್ದಕ್ಕೂ ಅವರು ಮುಂದೆ ಮುಂದೆ ಗದರುತ್ತಾ ಹೋದರು. ಅಕ್ಕ ಹೆಂಗಸರಿಗೆಲ್ಲ ಮದುವೆ ನಿಂತಿಲ್ಲ ಎಂದು ಹೇಳುತ್ತಾ ಬಂದರು. ನಾನು ಹಿಂದೆ ನಡೆದೆ. ಕೇಳುವ ಕೆಲಸವನ್ನು ಬಾವನಿಗೆ ಬಿಟ್ಟೆ. ಎಣಿಸುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.